ದೇವಮ್ಮ, ಸಾಬಮ್ಮ ಮತ್ತು ಇಪ್ಪತ್ತು ಪ್ರಶ್ನೆಗಳು

ಅಚ್ಚಾದ ಕಾಗದ ಕಂಡರೆ ನನಗೆ ಮೊದಲಿನಿಂದಲೂ ವಿಪರೀತ ಭಕ್ತಿ. ಶಹಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕನಾಗಿ ಸೇರಿದಾಗ, ಜನರ ಮಾನಸಿಕ, ಆಧ್ಯಾತ್ಮಿಕ ನೆಮ್ಮದಿ ಅಳೆಯಲು ಇಪ್ಪತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಪ್ರತಿ ಪ್ರಶ್ನೆಗೂ 'ಎಂದೂ ಇಲ್ಲ', 'ಕೆಲವೊಮ್ಮೆ', 'ಯಾವಾಗಲೂ' ಎಂಬ ಮೂರು ಉತ್ತರ. ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ಮನುಷ್ಯನ ಅಂತರಂಗ ಇಷ್ಟು ಸಲೀಸೇ ಎಂದು ಹಿಗ್ಗಿ, ಮೊದಲು ಹೆಂಡತಿಯ ಮೇಲೆಯೇ ಪ್ರಯೋಗಿಸಿದೆ. "ಎರಡು ವಾರದಿಂದ ಕಾರಣವಿಲ್ಲದೆ ಸಿಟ್ಟು ಬಂದಿದೆಯೇ?" ಎಂದು ಓದಿದೆ. "ಕಾರಣ ಇಲ್ದ ಬಂದಿಲ್ರಿ. ಕಾರಣ ಎದುರಿಗೇ ಹಾಳಿ ಹಿಡ್ಕೊಂಡು ಕುಂತದ" ಎಂದಳು. ಇದಕ್ಕೆ ಮೂರರಲ್ಲಿ ಯಾವುದಕ್ಕೆ ಗುರುತು ಹಾಕುವುದೆಂದು ತಿಳಿಯದೆ ಹಾಳೆ ಮಡಚಿಟ್ಟೆ.

ಕಾಲುವೆ ಬಂದು ದೋರನಹಳ್ಳಿಯ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದ ಕಾಲ. ಆ ಊರಿನ ದೇವಮ್ಮನನ್ನು ಸೊಸೆ ಕರೆತಂದಳು. "ನಮ್ಮತ್ತಿ ಊಟ ಬಿಟ್ಟಾಳ್ರಿ, ನಿದ್ದಿ ಬಿಟ್ಟಾಳ. ಗ್ವಾಡಿ ಕೂಡ ಮಾತಾಡ್ತಾಳ." ಕಾರಣವನ್ನೂ ಅವಳೇ ಹೇಳಿದಳು. ದೇವಮ್ಮನ ಒಡಹುಟ್ಟಿದ ತಂಗಿ ಸಾಬಮ್ಮನ ಗದ್ದೆ ಪಕ್ಕದಲ್ಲೇ ಇತ್ತು. ಕಾಲುವೆ ನೀರಿನ ಪಾಳಿಗೆ ಜಗಳವಾಗಿ, ಅಕ್ಕತಂಗಿಯರು ಒಂದು ವರ್ಷದಿಂದ ಮಾತು ಬಿಟ್ಟಿದ್ದರು.

ಸೊಸೆಯನ್ನು ಹೊರಗೆ ಕೂರಿಸಿ ಪ್ರಶ್ನೆ ಓದತೊಡಗಿದೆ. ದೇವಮ್ಮ ಪರೀಕ್ಷೆಗೆ ಕೂತವಳಂತೆ ಸೆರಗು ಸರಿಮಾಡಿಕೊಂಡಳು.

"ಒಂಟಿ ಎನಿಸುತ್ತದೆಯೇ?"

"ಮನ್ಯಾಗ ಹನ್ನೊಂದು ಮಂದಿ ಅದೀವಿ, ನಾಕು ಎಮ್ಮಿ ಅದಾವ. ಒಂಟಿ ಆಗಾಕ ಜಾಗಾ ಎಲ್ಲಿ ಅದ್ರಿ?"

"ಬದುಕಿಗೆ ಅರ್ಥವಿದೆ ಎನಿಸುತ್ತದೆಯೇ?"

"ಏನ್ ಬರ್ಕೊಂಡ್ರ ಪಾಸ್ ಆಗ್ತೀನೋ ಅದನ್ನ ಬರ್ಕೋರಿ."

ಇಪ್ಪತ್ತೂ ಮುಗಿದಾಗ, ಹಾಳೆಯ ಪ್ರಕಾರ ಇಡೀ ತಾಲ್ಲೂಕಿನಲ್ಲಿ ಇಷ್ಟು ನೆಮ್ಮದಿಯ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳ ಕಣ್ಣ ಕೆಳಗೆ ಮಾತ್ರ ಕಪ್ಪು ಕಟ್ಟಿತ್ತು. ಅದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಮುಂದಿನ ವಾರ ಮತ್ತೆ ಬಾ ಎಂದೆ.

ಮುಂದಿನ ವಾರ ಮೊದಲು ಬಂದವಳು ಸಾಬಮ್ಮ. ತಲೆನೋವೆಂದಳು. ಓದುತ್ತಾ ಏಳನೆಯ ಪ್ರಶ್ನೆಗೆ ಬಂದೆ: "ಅಳು ಬರುತ್ತದೆಯೇ?"

"ಬರ್ತದ್ರಿ. ಬದುವಿನ ಆಚಿ ಅಕ್ಕ ಬುತ್ತಿ ಬಿಚ್ಚತಾಳ, ಈಚಿ ನಾ ಬಿಚ್ಚತೀನಿ. ಅಕಿ ಪುಂಡಿಪಲ್ಯದ ವಾಸನಿ ಬಂದ್ರ ಸಾಕು, ನನಗ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ."

ಇದು 'ಕೆಲವೊಮ್ಮೆ'ಯೋ 'ಯಾವಾಗಲೂ'ವೋ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ, ಅರೆತೆರೆದ ಬಾಗಿಲು ದಡಾರನೆ ಗೋಡೆಗೆ ಬಡಿಯಿತು. ಎರಡನೆಯ ಭೇಟಿಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ ದೇವಮ್ಮ! ಗುಟ್ಟು ಕಾಪಾಡುವುದು ನಮ್ಮ ವೃತ್ತಿಯ ಮೊದಲ ನಿಯಮ. ನಾನು ಬಾಗಿಲು ಹಾಕುವುದನ್ನೇ ಮರೆತಿದ್ದೆ.

"ಅಳು ಬಂದ್ರ ಅಕ್ಕಾ ಅಂತ ಒಂದು ಸಲ ಕರೀಬಾರದೇನ ಬೇ, ಸಾಬಿ?"

"ನೀ ಹಿರಿಯಾಕಿ, ನೀ ಕರೀಬೇಕಿತ್ತು!"

"ನೀರು ತಿರುಗಿಸಿದಾಕಿ ನೀನು!"

"ಹೌದು, ತಿರುಗಿಸೀನಿ! ಬೇಕಾದ್ರ ಬಡಿ!"

ಬಡಿಯಲು ಕೈ ಎತ್ತಿದ ದೇವಮ್ಮ ತಂಗಿಯನ್ನು ತಬ್ಬಿಕೊಂಡು ಅತ್ತಳು. ಸಾಬಮ್ಮ ಬಿಕ್ಕುತ್ತಲೇ, "ಪಲ್ಯ ತಂದೀ ಏನ?" ಎಂದಳು. ಇಬ್ಬರೂ ಅಳುತ್ತಿದ್ದವರು ಹಾಗೇ ನಗತೊಡಗಿದರು. ನಾನೂ ಮೂಗೊರೆಸುತ್ತಾ ನಕ್ಕೆ. ಉಳಿದ ಹದಿಮೂರು ಪ್ರಶ್ನೆ ಕೇಳುವ ಧೈರ್ಯವಾಗಲಿಲ್ಲ.

ಯಾದಗಿರಿಯ ಸಭೆಯಲ್ಲಿ ಮೇಲಧಿಕಾರಿಗಳು, "ಇಬ್ಬರನ್ನೂ ಯಾವ ವಿಧಾನದಿಂದ ಸುಧಾರಿಸಿದ್ರಿ?" ಎಂದು ಕೇಳಿದರು. ಬಾಗಿಲು ಹಾಕಲು ಮರೆತೆ ಎನ್ನಬೇಕಿತ್ತು. "ಮುಕ್ತ ಕೌಟುಂಬಿಕ ಸಂವಾದ ವಿಧಾನ" ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಸುರಪುರದ ಆಪ್ತಸಮಾಲೋಚಕರಿಗೆ ಅದನ್ನು ಕಲಿಸಲು ನನ್ನನ್ನೇ ನೇಮಿಸಿದರು. ಕಲಿಸುವವರು ತುಂಬಲಿಕ್ಕೂ ಒಂದು ಹಾಳೆ ಇತ್ತು: 'ವೃತ್ತಿಯಲ್ಲಿ ನೀವು ಪ್ರಾಮಾಣಿಕರಾಗಿದ್ದೀರಾ?' ನಾನು 'ಯಾವಾಗಲೂ' ಎಂಬುದಕ್ಕೆ ದಪ್ಪನೆಯ ಗುರುತು ಹಾಕಿ, ಎಲ್ಲರಿಗಿಂತ ಮೊದಲು ಹಾಳೆ ಒಪ್ಪಿಸಿದೆ.