ವಾಪಸಾತಿ ತಾಲೀಮು

ಪೇಟೆಯ ತಿಂಡಿ ಅಂಗಡಿಗಳ ಸಾಲಿನಲ್ಲಿ ನಮ್ಮ ಸಲಹೆಗಾರರು ಕಾಲಿಟ್ಟರೆ ಸಾಕು, ಕೂತ ನೊಣವೂ ಎದ್ದು ನಿಲ್ಲುತ್ತಿತ್ತು. ಬ್ರೆಡ್ಡಿನಂಗಡಿಯವನು ಕೇಳುವ ಮುಂಚೆಯೇ ಹತ್ತೂ ಬೆರಳು ಚಾಚಿ ಉಗುರು ತೋರಿಸುತ್ತಿದ್ದ. ಐಸ್‌ಕ್ರೀಮಿನವಳು ತಲೆಗೆ ಹಾಕುವ ಟೋಪಿ ಹುಡುಕಿಕೊಂಡು ಒಳಗೆ ಓಡುತ್ತಿದ್ದಳು (ಸಿಗದೇ ಹೋದರೆ ಪಾತ್ರೆ ಮುಚ್ಚುವ ಬಟ್ಟೆಯನ್ನೇ ಸುತ್ತಿಕೊಂಡು ಬಂದು, ಅದಕ್ಕೆ ಬೇರೆ ಬೈಸಿಕೊಳ್ಳುತ್ತಿದ್ದಳು). ಸಣ್ಣಪುಟ್ಟ ತಿಂಡಿ ಉದ್ಯಮದವರಿಗೆ ಗುಣಮಟ್ಟ ಮತ್ತು ಸುರಕ್ಷತೆಯ ಆಧುನಿಕ ವ್ಯವಸ್ಥೆಯನ್ನು ಕಲಿಸಿಕೊಡುವುದು ಅವರ ಉದ್ಯೋಗ. ಕಚ್ಚಾ ಮಾಲು ಒಂದು ಕಡೆ, ತಯಾರಾದ ಮಾಲು ಇನ್ನೊಂದು ಕಡೆ; ನೆಲದ ಬಟ್ಟೆ ಮೇಜಿಗೆ ಮುಟ್ಟಬಾರದು; ನೆಗಡಿಯಾದವನು ಹಿಟ್ಟಿನ ಹತ್ತಿರ ಸುಳಿಯಬಾರದು. ಹೇಳಿದ್ದನ್ನೇ ಹೇಳಿ ಅವರ ಗಂಟಲು ಸವೆದಿತ್ತು, ಆದರೆ ಪೇಟೆ ಒಂದು ಹದಕ್ಕೆ ಬಂದಿತ್ತು.

ಹದಕ್ಕೆ ಬಾರದ ಅಂಗಡಿ ಒಂದೇ ಒಂದು. ಗ್ರಹಚಾರಕ್ಕೆ ಅದು ಅವರ ಸ್ವಂತ ಮನೆಯ ಮುಂದಿನ ಕೋಣೆಯಲ್ಲೇ ಇತ್ತು, ಮತ್ತು ಅದರ ಒಡತಿ ಅವರ ಧರ್ಮಪತ್ನಿ.

ಆಕೆ ಬೆಣ್ಣೆ ಬಿಸ್ಕತ್ತು ಮಾಡಿ ಕಿಟಕಿಯಿಂದ ಮಾರುತ್ತಿದ್ದಳು. ಬೀದಿಗೆ ಬೀದಿಯೇ ಅವಳ ಗಿರಾಕಿ. ಅವಳು ಬಿಸ್ಕತ್ತು ಸುಡುವ ಕೋಣೆಯ ನೆಲದಲ್ಲಿ ಮುಖ ಕಾಣುತ್ತಿತ್ತು, ಅದರ ಬಗ್ಗೆ ಸಲಹೆಗಾರರದ್ದೂ ಎರಡು ಮಾತಿರಲಿಲ್ಲ. ಆದರೆ ಶುಚಿ ಬೇರೆ, ವ್ಯವಸ್ಥೆ ಬೇರೆ ಎಂದು ಅವರು. ವ್ಯವಸ್ಥೆ ಬೇಕಾಗುವುದು ಶುಚಿ ಇಲ್ಲದವರಿಗೆ ಎಂದು ಅವಳು.

"ಕೈ ತೊಳ್ಯೋದು ಹೇಗೆ ಅಂತ ಗೋಡೆ ಮೇಲೆ ಚಿತ್ರ ಅಂಟಿಸಬೇಕಂತೆ! ನಾನೇನು ನಿನ್ನೆ ಹುಟ್ಟಿದ ಕೂಸಾ?"

"ಅದು ನಿನಗಲ್ಲ ಕಣೇ, ಪರೀಕ್ಷೆಗೆ ಬರೋರಿಗೆ."

"ಯಾಕೆ, ಅವರಿಗೆ ಕೈ ತೊಳ್ಯೋಕೆ ಬರಲ್ವಾ?"

ಸಲಹೆಗಾರರು ಚಿತ್ರವನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಹೀಗಿರುವಾಗ ದೊಡ್ಡ ಆಸ್ಪತ್ರೆಯ ಕ್ಯಾಂಟೀನಿನವರು ಆ ಬಿಸ್ಕತ್ತು ತಿಂದು ನೋಡಿ, ಇನ್ನು ಮೇಲೆ ದಿನಾ ನಮಗೆ ಕೊಡಿ ಎಂದರು. ಷರತ್ತು ಒಂದೇ: ಆಹಾರ ಸುರಕ್ಷತೆಯ ಪರೀಕ್ಷಕಿ ಬಂದು, ನೋಡಿ, ಒಪ್ಪಿಗೆಯ ಸಹಿ ಹಾಕಬೇಕು. ಆ ಆರ್ಡರ್ ಸಿಕ್ಕರೆ ಕಿಟಕಿಯಿಂದ ಕೈ ಚಾಚುವ ವ್ಯಾಪಾರ ಮುಗಿಯಿತು. ಬೀದಿಗೆ ತೆರೆಯುವ ಬಾಗಿಲು, ಬಾಗಿಲ ಮೇಲೆ ಅವಳದೇ ಅಂಗಡಿಯ ಬೋರ್ಡು! ಬೋರ್ಡಿಗೆ ಯಾವ ಬಣ್ಣ ಎಂದು ಅವಳು ಮದುವೆಯಾದ ಹೊಸತರಲ್ಲೇ ನಿಶ್ಚಯಿಸಿದ್ದಳು. ಅದಕ್ಕಾಗಿ ಅವಳು ಶರಣಾದಳು. ಟೋಪಿ ಹಾಕಿಕೊಂಡಳು. ಚಿತ್ರ ಅಂಟಿಸಿದಳು. ಪೊಟ್ಟಣ ಪೊಟ್ಟಣಕ್ಕೂ ಬ್ಯಾಚ್ ನಂಬರಿನ ಚೀಟಿ ಹಚ್ಚಿದಳು. "ಆಸ್ಪತ್ರೆಲಿ ಕೂಸು ಅದಲು ಬದಲಾಗದ ಹಾಗೆ ಕೈಗೆ ಪಟ್ಟಿ ಕಟ್ತಾರಲ್ಲ, ಹಂಗೆ" ಎಂದು ಗೊಣಗುತ್ತಲೇ ಹಚ್ಚಿದಳು.

ಪರೀಕ್ಷಕಿ ಬರುವ ದಿನ ಬೆಳಿಗ್ಗೆ ಸಲಹೆಗಾರರು ಕನ್ನಡಿ ಮುಂದೆ ಗಡ್ಡ ಹೆರೆಯುತ್ತಿದ್ದವರು ಹಾಗೇ ನಿಂತುಬಿಟ್ಟರು. ವಾಪಸಾತಿ ತಾಲೀಮು! ಮಾರಿದ ತಿಂಡಿಯಲ್ಲಿ ದೋಷ ಕಂಡರೆ ಆ ಬ್ಯಾಚಿನ ಅಷ್ಟೂ ಪೊಟ್ಟಣವನ್ನು ಗಿರಾಕಿಗಳಿಂದ ಬೇಗ ವಾಪಸ್ ತರಿಸಬೇಕು. ಅದು ಕೈಲಾಗುತ್ತದೋ ಇಲ್ಲವೋ ಎಂದು ಮೊದಲೇ ಒಮ್ಮೆ ಸುಮ್ಮನೆ ಮಾಡಿ ನೋಡಬೇಕು. ಪರೀಕ್ಷಕಿ ಮೊದಲು ಕೇಳುವುದೇ ಅದನ್ನು. ಊರಿಗೆಲ್ಲ ತಾಲೀಮು ಮಾಡಿಸಿದ ಮಹಾನುಭಾವರು ಹೆಂಡತಿಯ ಅಂಗಡಿಯಲ್ಲಿ ಮಾಡಿಸುವುದನ್ನೇ ಮರೆತಿದ್ದರು.

ಹೇಳಿ ಮಾಡಿಸಬಹುದಿತ್ತು. ಆದರೆ ಗೊತ್ತಿದ್ದೂ ಮಾಡಿದರೆ ಅದು ತಾಲೀಮಲ್ಲ, ನಾಟಕ ಎಂಬುದು ಅವರ ಸಿದ್ಧಾಂತ. (ಸಿದ್ಧಾಂತ ಇರುವ ಗಂಡಸರನ್ನು ಕಟ್ಟಿಕೊಂಡವರ ಪಾಡು ನಿಮಗೂ ಗೊತ್ತಿರಬಹುದು.) ಪೇಟೆಗೆ ಹೋದವರು ಚಹಾದಂಗಡಿಯಲ್ಲಿ ಕೂತು ಮನೆಗೆ ಫೋನು ಹಚ್ಚಿದರು.

"ನಾನು ಕಣೇ. ಒಂದು ದೂರು ಬಂದಿದೆ. ನಿನ್ನೆ ಮಾರಿದ್ದೆಯಲ್ಲ, ಆ ಬ್ಯಾಚಲ್ಲಿ ಏನೋ ದೋಷ ಇದೆ. ಒಂದು ಪೊಟ್ಟಣ ಬಿಡದ ಹಾಗೆ ವಾಪಸ್ ತರಿಸು."

"ಅಯ್ಯೋ! ಏನ್ರೀ ದೋಷ? ಯಾರಿಗೆ ಏನಾಯ್ತು?"

"ಅದನ್ನೆಲ್ಲ ಈಗ ಹೇಳೋ ಹಾಗಿಲ್ಲ. ಮೊದಲು ತರಿಸು."

ಕೊನೆಯ ಮಾತಿನಲ್ಲಿ ಗಾಂಭೀರ್ಯ ಬಹಳ ಚೆನ್ನಾಗಿ ಬಂತು ಎಂದು ಅವರಿಗೇ ಅನಿಸಿತು. ತಾಲೀಮು ನಡೆಸುವವನು ನಡುವೆ ಸುಳಿವು ಕೊಡಬಾರದು ಎಂದು ಫೋನನ್ನು ಆಫ್ ಮಾಡಿ, ಇನ್ನೊಂದು ಚಹಾ ಹೇಳಿದರು. ಅವಳು ನಾಲ್ಕು ಮನೆಗೆ ಫೋನು ಮಾಡುತ್ತಾಳೆ, ಇದೆ ಎಂದವರ ಹೆಸರು, ತಿಂದೆವು ಎಂದವರ ಹೆಸರು ಗುರುತು ಹಾಕಿಕೊಳ್ಳುತ್ತಾಳೆ, ತಾವು ಹೋಗಿ "ಭೇಷ್, ಇದು ಬರೀ ತಾಲೀಮು" ಎನ್ನುವುದು, ಅವಳು ನಾಚಿ ನಗುವುದು. ಇಷ್ಟು ಅವರ ಲೆಕ್ಕಾಚಾರ.

ಮನೆಗೆ ಬಂದರೆ ಅಂಗಡಿ ಕಿಟಕಿ ಮುಚ್ಚಿತ್ತು. ಜಗಲಿಯಲ್ಲಿ ಅವರ ತಾಯಿ ಚಾಪೆ ಹಾಸಿಕೊಂಡು, ಎದೆಯ ಮೇಲೆ ಕೈ ಜೋಡಿಸಿಕೊಂಡು ನೀಟಾಗಿ ಮಲಗಿದ್ದರು.

"ಬಂದ್ಯೇನಪ್ಪಾ? ನಿನ್ನೆ ನಾನು ನಾಕು ಬಿಸ್ಕತ್ತು ತಿಂದಿದ್ದೆ ಕಣೋ. ನನ್ನ ಬಳೆ ನಿನ್ನ ತಂಗಿಗೆ ಕೊಟ್ಬಿಡು. ಹೊಸ ಸೀರೆ ಸೊಸೆಗಿರಲಿ, ಪಾಪ, ಅವಳದೇನೂ ತಪ್ಪಿಲ್ಲ."

"ಅಮ್ಮಾ, ಏಳಮ್ಮ! ಏನಾಗಿದೆ ನಿನಗೆ?"

"ಇನ್ನೂ ಏನೂ ಆಗಿಲ್ಲ. ಕಾಯ್ತಾ ಇದೀನಿ."

"ಅವಳೆಲ್ಲಿ?"

"ಎಲ್ಲಿ ಅಂದ್ರೆ? ನಿನಗೆ ಫೋನು ಮಾಡಿ ಮಾಡಿ ಸಾಕಾಗಿ, ಅಳ್ತಾ ಬುಟ್ಟಿ ತಗೊಂಡು ಬೀದಿಗೆ ಹೋದ್ಲು."

ಸಲಹೆಗಾರರು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಓಡಿದರು. ಅವಳು ದರ್ಜಿಯ ಮನೆ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಟೋಪಿ ಹಾಗೇ ಇತ್ತು. "ಮಗೂಗೆ ಕೊಟ್ರಾ ಅಕ್ಕಾ? ನಿಜ ಹೇಳಿ, ಕೊಟ್ರಾ? ಹೊಟ್ಟೆಗಿಟ್ಟೆ ನೋವು ಅಂದ್ಲಾ? ನಾನು ಮಾಡಿದ್ದೇ ಸರಿ ಇರಲಿಲ್ಲವಂತೆ, ಉಳಿದಿದ್ದು ಕೊಟ್ಬಿಡಿ, ದಮ್ಮಯ್ಯ" ಎನ್ನುತ್ತಿದ್ದಳು. ಅಷ್ಟೂ ಜನ ಕೇಳುವ ಹಾಗೆ, ಏನನ್ನೂ ಮುಚ್ಚಿಡದೆ ಹೇಳುತ್ತಿದ್ದಳು. ವ್ಯಾಪಾರ ಹಾಳಾಗುತ್ತದೆ ಎಂಬ ಯೋಚನೆ ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ಸಲಹೆಗಾರರಿಗೆ ನೆಲ ಬಿರಿದು ತಮ್ಮನ್ನು ನುಂಗಬಾರದೇ ಅನ್ನಿಸಿತು. ಇಷ್ಟು ವರ್ಷ ಪೇಟೆಯವರಿಗೆ ಏನನ್ನು ಕಲಿಸಲು ತಾವು ಗಂಟಲು ಹರಿದುಕೊಂಡರೋ ಅದು ಅವರ ಕಣ್ಣೆದುರೇ ಕಣ್ಣೀರು ಒರೆಸಿಕೊಳ್ಳುತ್ತಾ ಬಾಗಿಲಿಂದ ಬಾಗಿಲಿಗೆ ಹೋಗುತ್ತಿತ್ತು.

"ಕೇಳೇ, ಒಂದು ಮಾತು..."

"ಮಾತು ಆಮೇಲೆ! ಆ ಕಡೆ ಸಾಲು ನೀವು ನೋಡಿ. ಮೂಲೆ ಮನೆಯಲ್ಲಿ ಬಸುರಿ ಹೆಂಗಸಿದ್ದಾಳೆ, ಮೊದಲು ಅಲ್ಲಿಗೆ ಓಡಿ!" ಎಂದು ಇನ್ನೊಂದು ಬುಟ್ಟಿ ಅವರ ಕೈಗೆ ತುರುಕಿದಳು.

ಅಲ್ಲೇ ಹೇಳಿಬಿಡಬೇಕಿತ್ತು. ಅವಳ ಕೆಂಪು ಕಣ್ಣು ಕಂಡವರು ಬುಟ್ಟಿ ಹಿಡಿದು ಮೂಲೆ ಮನೆಗೆ ಓಡಿದರು. ತಾವೇ ಹೂಡಿದ ತಾಲೀಮಿಗೆ ತಾವೇ ಬುಟ್ಟಿ ಹೊತ್ತು ಮನೆ ಮನೆ ತಿರುಗಿದ ಸಲಹೆಗಾರರು ಪ್ರಪಂಚದಲ್ಲಿ ಇನ್ನೊಬ್ಬರಿರಲಾರರು. ಪ್ರತಿ ಬಾಗಿಲಲ್ಲೂ "ಏನಾಗಿದೆಯಂತೆ?" ಎಂದು ಕೇಳುವವರೇ. "ವಿಚಾರಣೆ ನಡೀತಾ ಇದೆ" ಎಂದು ತಲೆ ತಗ್ಗಿಸಿ ಹೇಳುತ್ತಾ ಬಂದರು. ಮಧ್ಯಾಹ್ನದ ಹೊತ್ತಿಗೆ ಪೊಟ್ಟಣಗಳೆಲ್ಲ ಮನೆಯ ಗುರುತು ಬರೆಸಿಕೊಂಡು ಬಂದು ಬಿದ್ದವು. ತಿಂದು ಮುಗಿಸಿದ್ದವರು ಖಾಲಿ ಪೊಟ್ಟಣ ಹಿಡಿದುಕೊಂಡು, ತಮಗೆ ಏನೇನು ಆಗಬಹುದು ಎಂದು ವಿಚಾರಿಸಲು ಖುದ್ದಾಗಿ ಬಂದರು.

ಪರೀಕ್ಷಕಿ ಬಂದಾಗ ಅಂಗಳದ ತುಂಬ ಜನ.

"ಏನಿದು?" ಎಂದರು ಆಕೆ.

ಹೆಂಡತಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಮೇಡಂ, ನೀವು ನೋಡೋದಕ್ಕೆ ಇಲ್ಲೇನೂ ಉಳಿದಿಲ್ಲ. ನಿನ್ನೆ ಬಿಸ್ಕತ್ತಲ್ಲಿ ದೋಷ ಇತ್ತಂತೆ, ಎಲ್ಲ ವಾಪಸ್ ತಂದಿದೀನಿ. ಎಲ್ಲಿ ತಪ್ಪಿದೆನೋ ನನಗೇ ಗೊತ್ತಾಗ್ತಿಲ್ಲ. ಆಸ್ಪತ್ರೆಯೋರಿಗೆ ನೀವೇ ಹೇಳ್ಬಿಡಿ, ನನ್ನ ಕೈಲಾಗಲ್ಲ ಅಂತ."

ಇನ್ನು ತಡೆಯಲು ಸಲಹೆಗಾರರಿಂದ ಆಗಲಿಲ್ಲ. "ದೋಷ ಬಿಸ್ಕತ್ತಲ್ಲಿ ಇರಲಿಲ್ಲ ಮೇಡಂ. ದೂರು ಯಾರೂ ಕೊಟ್ಟಿಲ್ಲ. ನಾನೇ... ಅದು ತಾಲೀಮು."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ಅವಳು ಅವರನ್ನು ಸುಮ್ಮನೆ ನೋಡಿದಳು, ನೋಡುತ್ತಲೇ ಇದ್ದಳು. ಜಗಲಿಯ ಮೇಲಿಂದ ತಾಯಿಯ ಧ್ವನಿ ಮಾತ್ರ ಬಂತು: "ಹಂಗಾದ್ರೆ ನಾನು ಏಳಬಹುದಾ?"

ಪರೀಕ್ಷಕಿ ಒಳಗೆ ಹೋಗಿ ಎಲ್ಲ ತಿರುವಿ ಹಾಕಿ ನೋಡಿದರು. ಹಿಟ್ಟು ಮೂಸಿದರು, ಬೆಣ್ಣೆ ನೋಡಿದರು, ವಾಪಸ್ ಬಂದ ಪೊಟ್ಟಣಗಳನ್ನು ಬಿಚ್ಚಿ ಒಂದೊಂದು ಚೂರು ತಿಂದೂ ನೋಡಿದರು. "ಎಲ್ಲ ಸರಿಯಾಗಿದೆ. ದೊಡ್ಡ ಕಾರ್ಖಾನೆಯವರೂ ಇಷ್ಟು ಚೊಕ್ಕವಾಗಿ ವಾಪಸ್ ತರಿಸಿದ್ದು ನಾನು ಕಂಡಿಲ್ಲ. ಆದರೆ ಈಗ ಇಡೀ ಬೀದಿ ಇವರ ಬಿಸ್ಕತ್ತಲ್ಲಿ ವಿಷ ಇದೆ ಅಂದುಕೊಂಡಿದೆ. ಗಿರಾಕಿಗಳ ಅನುಮಾನ ಹೋಗೋವರೆಗೂ ನಾನು ಸಹಿ ಹಾಕೋ ಹಾಗಿಲ್ಲ. ಸರಿಪಡಿಸೋ ಕ್ರಮ ಏನು ಅಂತ ಹೇಳಿ, ಸಲಹೆಗಾರರೇ."

ಉತ್ತರ ಕೊಟ್ಟವಳು ಹೆಂಡತಿ.

"ಕ್ರಮ ನಾನು ಹೇಳ್ತೀನಿ ಮೇಡಂ. ಇವರು ಮನೆ ಮನೆಗೆ ಹೋಗಿ, ಆ ಮನೆಯಿಂದ ಬಂದ ಪೊಟ್ಟಣದಲ್ಲೇ ಬಿಸ್ಕತ್ತು ತೆಗೆದು ಅವರ ಎದುರಿಗೇ ತಿನ್ನಲಿ."

"ಲೇ, ವಾಪಸ್ ಬಂದ ಮಾಲು ಮುಟ್ಟಬಾರದು ಅಂತ ನಿಯಮ!"

"ಮಾರಬಾರದು ಅಂತ ನಿಯಮ. ಗಂಡ ತಿನ್ನಬಾರದು ಅಂತ ಎಲ್ಲಿದೆ ಹೇಳಿ ನೋಡೋಣ?"

ಎಲ್ಲೂ ಇಲ್ಲ ಎಂದರು ಪರೀಕ್ಷಕಿ.

ದಿಗ್ವಿಜಯ ಯಾತ್ರೆ ಹೊರಟಿತು. ಮುಂದೆ ಸಲಹೆಗಾರರು, ಹಿಂದೆ ಬುಟ್ಟಿ ಹಿಡಿದ ಹೆಂಡತಿ, ಅವಳ ಹಿಂದೆ ಪರೀಕ್ಷಕಿ. ದರ್ಜಿಯ ಮನೆಯಲ್ಲಿ ಒಂದು ತಿಂದರು. "ಒಂದ್ರಲ್ಲಿ ಏನು ಗೊತ್ತಾಗತ್ತೆ?" ಎಂದರು ಅಲ್ಲಿ, ಇನ್ನೊಂದು ತಿಂದರು. ಬಸುರಿ ಹೆಂಗಸಿನ ಅತ್ತೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ತಿನ್ನಿಸಿ, "ಸ್ವಲ್ಪ ಹೊತ್ತು ಇರಿ, ಏನಾಗತ್ತೋ ನೋಡೋಣ" ಎಂದು ಎದುರಿಗೇ ಕೂತರು. ಮೇಷ್ಟ್ರ ಮನೆಯಲ್ಲಿ ಮೇಲಿನದು ಬೇಡ, ಅಡಿಯದು ತಿನ್ನಿ ಎಂದರು. ಯಾವ ಮನೆಯಲ್ಲೂ ನೀರು ಕೊಡಲು ಯಾರಿಗೂ ಹೊಳೆಯಲಿಲ್ಲ. ಬೆಣ್ಣೆ ಬಿಸ್ಕತ್ತು ರುಚಿಯಾದದ್ದೇ, ಆದರೆ ರುಚಿಗೂ ಒಂದು ಮಿತಿ ಇದೆ. ಬೀದಿಯ ಅರ್ಧಕ್ಕೆ ಬರುವಾಗ ಅವರಿಗೆ ಬೆಣ್ಣೆಯ ವಾಸನೆ ಕಿವಿಯಲ್ಲೂ ಬರತೊಡಗಿತು.

ಕೊನೆಯ ಮನೆ ನಿವೃತ್ತ ಕಾಂಪೌಂಡರ್ ತಾತನದು. ಅಷ್ಟು ಹೊತ್ತಿಗೆ ಸಲಹೆಗಾರರ ಹೊಟ್ಟೆಯೊಳಗೆ ದೊಡ್ಡ ಗಲಾಟೆ ಎದ್ದಿತ್ತು. ಆದರೆ ಬಾಗಿಲಲ್ಲಿ ಬೀದಿಯ ಅರ್ಧ ಜನ ಇಣುಕುತ್ತಿದ್ದರು. ಒಮ್ಮೆ ಹೊಟ್ಟೆಯ ಮೇಲೆ ಕೈ ಇಟ್ಟರೆ ಅಲ್ಲಿಗೆ ಮುಗಿಯಿತು: ಅವಳ ಆರ್ಡರು, ಅವಳ ಬಾಗಿಲು, ಅವಳ ಬೋರ್ಡು. ಎರಡೂ ಕೈಯನ್ನು ಮೊಣಕಾಲ ಮೇಲೆ ಒತ್ತಿ ಹಿಡಿದು ಅವರು ನಕ್ಕರು. ಇಷ್ಟು ಕಷ್ಟಪಟ್ಟು ಅವರು ಜೀವಮಾನದಲ್ಲಿ ನಕ್ಕಿರಲಿಲ್ಲ. ತಾತ ನಾಲಿಗೆ ನೋಡಿದರು, ನಾಡಿ ಹಿಡಿದರು.

"ಬೆವರ್ತಾ ಇದೀರಲ್ಲ?"

"ಸೆಖೆ ತಾತ."

"ಫ್ಯಾನ್ ತಿರುಗ್ತಿದೆ."

"ಮೈ ಸೆಖೆ."

"ಎಲ್ಲಿ, ನನ್ನೆದುರಿಗೆ ಇನ್ನೊಂದು ತಿನ್ನಿ."

ಸಲಹೆಗಾರರು ಬುಟ್ಟಿಯ ಕಡೆ ಕೈ ಚಾಚಿದರು. ಆಗ ಹೆಂಡತಿ, ಬೆಳಗಿನಿಂದ ಮೊದಲ ಬಾರಿಗೆ ಅವರನ್ನು ಗಂಡ ಎಂಬಂತೆ ನೋಡಿ, ಆ ಬಿಸ್ಕತ್ತನ್ನು ತಾನೇ ತೆಗೆದು ಬಾಯಿಗೆ ಹಾಕಿಕೊಂಡಳು. "ನಾನು ಮಾಡಿದ್ದು, ನಾನೇ ತಿಂತೀನಿ ತಾತ, ನೋಡಿ. ಇವರು ಪಾಪ, ಬಹಳ ತಿಂದಿದಾರೆ" ಎಂದಳು. ತಾತ ಅವಳು ನುಂಗುವುದನ್ನು ನೋಡಿದರು. ಆಮೇಲೆ ತಮ್ಮ ಪೊಟ್ಟಣಕ್ಕೆ ತಾವೇ ಕೈ ಹಾಕಿ ಒಂದು ತಿಂದರು. "ಚೆನ್ನಾಗಿದೆ ಕಣಮ್ಮ. ನಾಳೆ ಎರಡು ಪೊಟ್ಟಣ ಇಡು" ಎಂದರು. ಬಾಗಿಲಲ್ಲಿದ್ದವರು ನಮಗೂ, ನಮಗೂ ಎಂದರು. ಪರೀಕ್ಷಕಿ ತಾತನ ಮೇಜಿನ ಮೇಲೇ ಸಹಿ ಹಾಕಿದರು. ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡು, ಅಷ್ಟು ಜನರ ಎದುರಿಗೆ ಗಂಡನ ಭುಜದ ಮೇಲೆ ಕೈ ಇಟ್ಟಳು. ಸಲಹೆಗಾರರಿಗೆ ಹೊಟ್ಟೆ ನೋವಿನ ನಡುವೆಯೂ ಬದುಕು ಸಾರ್ಥಕ ಅನ್ನಿಸಿತು.

ಪರೀಕ್ಷಕಿ ಪೆನ್ನು ಮುಚ್ಚುತ್ತಾ ಅವರ ಕಡೆ ತಿರುಗಿದರು. "ಇದು ಬಹಳ ಒಳ್ಳೆ ಪದ್ಧತಿ ಕಣ್ರೀ. ಮಾಲು ವಾಪಸ್ ತರಿಸೋದು ಎಲ್ಲರೂ ಮಾಡ್ತಾರೆ, ಆಮೇಲೆ ಮನೆ ಮನೆಗೆ ಹೋಗಿ ತಿಂದು ತೋರಿಸೋ ಸಲಹೆಗಾರರು ಎಲ್ಲಿ ಸಿಗ್ತಾರೆ? ಇನ್ನು ಮೇಲೆ ಪೇಟೆಯ ಎಲ್ಲ ಅಂಗಡಿಗೂ ತಾಲೀಮು ಹೀಗೇ ನಡೀಲಿ. ನಾನೂ ಬರ್ತೀನಿ."

"ಎಲ್ಲ ಅಂಗಡಿಗೂ?"

"ಹೌದು. ನಾಳೆ ಯಾರ ಸರದಿ?"

ಹೇಳಿದವಳು ಹೆಂಡತಿ, ಭುಜದ ಮೇಲಿನ ಕೈ ತೆಗೆಯದೆ, ಬಹಳ ಪ್ರೀತಿಯಿಂದ.

"ನಾಳೆ ಮೆಣಸಿನಕಾಯಿ ಸಾಸ್ ಮಾಡೋರದು ಮೇಡಂ."

ಸಲಹೆಗಾರರು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡರು.