ವೇಣೂರು ಸೇತುವೆಯಲ್ಲಿ ಕೆಡುವ ಸಮಯ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ವೇಣೂರಿನ ಬಸ್ ಏಜೆಂಟ್ ಮೊಯಿದಿನಬ್ಬ. ಬಸ್ಸಿನ ಸಮಯವೊಂದನ್ನು ಬಿಟ್ಟರೆ ಬೇರೆ ಯಾವ ವಿಷಯದಲ್ಲೂ ಅವರು ಸುಳ್ಳು ಹೇಳಿದವರಲ್ಲ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಬಂಟ್ವಾಳ–ಮೂಡುಬಿದಿರೆ–ಬೆಳ್ತಂಗಡಿ ಮಾರ್ಗಕ್ಕೆ ಪರ್ಮಿಟ್ ಇಲ್ಲದ ಎರಡು ವಾಹನಗಳು ಆಕಾಶದಿಂದ ಇಳಿದವು. ಒಂದು ಧೂಮ್ರ ಲೋಕದ್ದು, ಇನ್ನೊಂದು ತಾಮ್ರ ಲೋಕದ್ದು. ಆ ಲೋಕಗಳ ಯುದ್ಧ ಎಷ್ಟು ಹಳತೆಂದರೆ, ಕಾರಣ ಗೊತ್ತಿದ್ದವರೆಲ್ಲ ತೀರಿಹೋಗಿದ್ದರು. ಕಂಡಲ್ಲಿ ಸುಡಬೇಕೆಂಬ ಆಜ್ಞೆ ಹೊತ್ತು ಧೂಮ್ರದ ಗಂಡೂ ತಾಮ್ರದ ಹೆಣ್ಣೂ ವೇಣೂರಿನ ಗದ್ದೆ ಬದಿಯಲ್ಲಿ ಎದುರುಬದುರು ನಿಂತರು. ಅಷ್ಟರಲ್ಲಿ ಮೊಯಿದಿನಬ್ಬ, "ಬೆಳ್ತಂಗಡಿ, ಬೆಳ್ತಂಗಡಿ! ಸೀಟು ಉಂಟು!" ಎಂದು ಕೂಗಿ ಎರಡಕ್ಕೂ ಜನ ಹತ್ತಿಸಿಬಿಟ್ಟರು. ಜನ ಹತ್ತುವಾಗ ಸುಡುವುದು ಮರ್ಯಾದೆಯಲ್ಲವೆಂದು ಇಬ್ಬರೂ ಆಯುಧ ಇಳಿಸಿ ಕಾದರು. ಕಾಯುವಾಗ ಬೇರೆ ನೋಡಲು ಏನೂ ಇರಲಿಲ್ಲವಾದ್ದರಿಂದ ಒಬ್ಬರನ್ನೊಬ್ಬರು ನೋಡಿದರು. ಉಳಿದದ್ದು ದೈವೇಚ್ಛೆ. ಮರುದಿನದಿಂದ ಎರಡೂ ವಾಹನಗಳು ಅದೇ ಮಾರ್ಗದಲ್ಲಿ ಬಸ್ಸಾಗಿ ಓಡತೊಡಗಿದವು.

ಬಸ್ ಧಣಿ ಕಮಲಾಕ್ಷ ಶೆಟ್ಟರು ದೂರು ಕೊಟ್ಟರು. ಅನ್ಯಲೋಕದವರೆಂದಲ್ಲ, ಟಿಕೇಟು ಅಗ್ಗವೆಂದು. ಪರ್ಮಿಟ್ ಅಧಿಕಾರಿ ಸುಬ್ಬಯ್ಯನವರು ಅರ್ಜಿಯಲ್ಲಿ ಯಾವ ಜಾಗವನ್ನೂ ಖಾಲಿ ಬಿಡದ ಮನುಷ್ಯ. ಆತನಿಗೆ ನಿತ್ಯಾನಂದ, ಆಕೆಗೆ ಪ್ರಫುಲ್ಲಾ ಎಂದು ತಾವೇ ಹೆಸರು ತುಂಬಿಸಿ ಆಜ್ಞೆ ಹೊರಡಿಸಿದರು:

"ಸದರಿ ವಾಹನಗಳು ಐದು ನಿಮಿಷದ ಅಂತರದಲ್ಲಿ ಓಡತಕ್ಕದ್ದು. ಯಾವ ನಿಲ್ದಾಣದಲ್ಲೂ ಎರಡೂ ಒಟ್ಟಿಗೆ ನಿಲ್ಲತಕ್ಕದ್ದಲ್ಲ. ಬೆಳಕಿನ ವೇಗ ಮೀರುವಾಗ ಹಾರ್ನ್ ಮಾಡತಕ್ಕದ್ದು."

ಇಷ್ಟು ಕಾಲದ ಯುದ್ಧ ಅಗಲಿಸಲಾರದವರನ್ನು ಒಂದು ರಬ್ಬರ್ ಸ್ಟಾಂಪು ಅಗಲಿಸಿತು.

"ಅವರು ಹೋದರೇ?" ಎಂದು ಪ್ರಫುಲ್ಲಾ ದಿನವೂ ಮೊಯಿದಿನಬ್ಬರನ್ನು ಕೇಳುವಳು. ನಿಲ್ದಾಣದಲ್ಲಿ ಕೂತು ಕಲಿತ ಕನ್ನಡ. ಮಾಸ್ತರರ ಹಾಗೆ ಸ್ಪಷ್ಟ.

"ಈಗಷ್ಟೇ ಹೋದ, ಮಾರಾಯ್ತಿ. ಹೊಗೆ ಇನ್ನೂ ಉಂಟು."

ಆಕೆ ಆ ನೇರಳೆ ಹೊಗೆಯೊಳಗೆ ತನ್ನ ಸಮಯ ಮುಗಿಯುವ ತನಕ ನಿಲ್ಲುವಳು. ತನ್ನ ಲೋಕಕ್ಕೆ, "ಶತ್ರುವಿನ ಬೆನ್ನು ಹತ್ತಿದ್ದೇನೆ, ಐದೇ ನಿಮಿಷ ಹಿಂದಿದ್ದೇನೆ" ಎಂದು ವರದಿ ಕಳಿಸುವಳು. ಅಲ್ಲಿಂದ ಪದಕ ಬರುತ್ತಿತ್ತು.

ಬೀಡಿ ಕಟ್ಟು ಹೊತ್ತು ದಿನವೂ ಪ್ರಫುಲ್ಲಾಳ ವಾಹನ ಹತ್ತುತ್ತಿದ್ದ ಸೇಸಮ್ಮ ತಡೆಯಲಾರದೆ ಮೊಯಿದಿನಬ್ಬರಿಗೆ ಹೇಳಿದಳು: "ಪದಕ ಎಂತಕ್ಕೆ? ಹುಡುಗಿ ಸೊರಗಿ ಕಡ್ಡಿ ಆಗಿದ್ದಾಳೆ. ಎಂತಾದರೂ ಮಾಡುವ, ಬ್ಯಾರಿಗಳೇ."

ಮೊಯಿದಿನಬ್ಬ ತಲೆ ಕೆರೆದರು. "ಕೆಟ್ಟು ನಿಂತ ಬಸ್ಸಿಗೆ ಟೈಮಿಂಗ್ ಉಂಟಾ, ಸೇಸಮ್ಮ? ಹಿಂದಿನದ್ದು ನಿಂತು ಜನರನ್ನು ಹತ್ತಿಸಿಕೊಳ್ಳಲೇಬೇಕು. ಅದು ಕಾನೂನು."

ಮರುದಿನ ನಿತ್ಯಾನಂದನ ವಾಹನ ವೇಣೂರು ಸೇತುವೆಯಲ್ಲಿ ನಿಂತಿತು. ಐದು ನಿಮಿಷಕ್ಕೆ ಪ್ರಫುಲ್ಲಾ ಬಂದಳು. ಶೆಟ್ಟರು ಕೊಟ್ಟ ಸುದ್ದಿಯಿಂದ ಸುಬ್ಬಯ್ಯನವರ ಜೀಪೂ ಬಂತು.

"ಕೆಟ್ಟದ್ದು ಯಾವ ಭಾಗ?"

ಧೂಮ್ರ ಲೋಕದವರಿಗೆ ಸುಳ್ಳು ಹೇಳಲು ಬಾರದು. "ಯಂತ್ರಕ್ಕೆ ಏನೂ ಆಗಿಲ್ಲ, ಸ್ವಾಮಿ. ನನಗೆ ಮುಂದೆ ಹೋಗಲು ಆಗುವುದಿಲ್ಲ."

ಕೆಟ್ಟ ಭಾಗ ತೋರಿಸದಿದ್ದರೆ ಪರ್ಮಿಟ್ ರದ್ದು. ಇಬ್ಬರೂ ತಂತಮ್ಮ ಸೈನ್ಯಕ್ಕೆ ಮರಳಬೇಕು. ಸುಬ್ಬಯ್ಯನವರು ಇಬ್ಬರ ಮುಖವನ್ನೂ ನೋಡಿದರು, ಕಾಗದವನ್ನೂ ನೋಡಿದರು. ಕಾರಣದ ಜಾಗ ಖಾಲಿ ಇತ್ತು. ಅದು ಅವರಿಂದ ಸಹಿಸಲಾಗದ ಸಂಗತಿ.

"ಕೆಟ್ಟ ಭಾಗ: ಚಾಲಕ," ಎಂದು ಬರೆದರು. "ಬಿಡಿಭಾಗ ಹಿಂದಿನ ವಾಹನದಲ್ಲಿ ಬಂದಿದೆ. ಜೋಡಣೆಗೆ ಹದಿನೈದು ನಿಮಿಷ ಮಂಜೂರು."

ಆ ಹದಿನೈದು ನಿಮಿಷದಲ್ಲಿ ಸೇಸಮ್ಮ ತನ್ನ ತಲೆಯ ಮಲ್ಲಿಗೆಯನ್ನು ಮದುಮಗಳಿಗೆ ಮುಡಿಸಿದಳು. ಪ್ರಯಾಣಿಕರೊಬ್ಬರು ತೆಂಗಿನಕಾಯಿ ಒಡೆದರು. ಮದುವೆಯಾಯಿತು.

ಹೇಳದೆ ಕೇಳದೆ ಕೆಡುವುದು ಅನ್ಯಾಯವೆಂದು ಶೆಟ್ಟರು ಮತ್ತೆ ದೂರು ಕೊಟ್ಟರು. ಅದು ನ್ಯಾಯವೇ. ಸೇತುವೆಯ ಬಳಿ ಬೋರ್ಡು ಬಂತು: "ಕೆಡುವುದು 10.20. ಸರಿಯಾಗುವುದು 10.35." ಬೋರ್ಡಿನ ಕೆಳಗೆ ಶೆಟ್ಟರೇ ಚಹಾದ ಹೋಟೆಲು ತೆರೆದರು, ದೂರು ನಿಂತಿತು.

ಒಮ್ಮೆ ಎರಡೂ ಲೋಕಗಳಿಂದ ತನಿಖಾಧಿಕಾರಿಗಳು ಬಂದು ಯುದ್ಧ ಎಲ್ಲಿ ಎಂದು ಕೇಳಿದರಂತೆ. "ಹತ್ತು ಇಪ್ಪತ್ತಕ್ಕೆ ಬನ್ನಿ," ಎಂದರು ಮೊಯಿದಿನಬ್ಬ. ಬಂದಾಗ ಗಂಡ ಹೆಂಡತಿ, ನಿನ್ನೆಯ ಪ್ರಯಾಣಿಕರನ್ನು ಕದ್ದದ್ದು ಯಾರೆಂದು ಬೊಬ್ಬೆ ಹೊಡೆಯುತ್ತಿದ್ದರು. ಅಧಿಕಾರಿಗಳು ಗೋಳಿಬಜೆ ತಿಂದು, "ಯುದ್ಧ ಕ್ರಮಬದ್ಧವಾಗಿ ನಡೆಯುತ್ತಿದೆ" ಎಂದು ಬರೆದುಕೊಂಡು ಹೋದರು.

ಈಗ ಆ ಸೇತುವೆಯಲ್ಲಿ ಕೆಡದ ಬಸ್ಸಿಗೆ ನಮ್ಮವರು ಹತ್ತುವುದಿಲ್ಲ. ನಿಮ್ಮ ಬಸ್ಸೂ ಎಲ್ಲಿಯಾದರೂ ಕೆಟ್ಟು ನಿಂತರೆ ಸಿಟ್ಟಾಗಬೇಡಿ. ಪಕ್ಕದಲ್ಲಿ ಕೂತವರಿಗೆ ಇದನ್ನು ಹೇಳಿ. ಹದಿನೈದು ನಿಮಿಷ ಉಂಟು.