ಅಡುಗೆಮನೆಯ ಜೇನುಬಣ್ಣದ ಗೋಡೆ

ಗೋಡೆ ನೆಕ್ಕಿ ನೋಡುವುದೊಂದು ಬಾಕಿ; ಮಿಕ್ಕ ಪರೀಕ್ಷೆಗಳನ್ನೆಲ್ಲ ಯಜಮಾನರು ಮುಗಿಸಿದ್ದರು. ತಾತ ಕಟ್ಟಿಸಿದ ಮನೆಯ ರಿಪೇರಿಗೆ ಕೈಹಾಕಿದಂದಿನಿಂದ ಅವರ ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಮೊಂಡು ಚಾಕು. ಬೆರಳಿಗೆ ಬಿಳಿ ಪುಡಿ ಅಂಟಿದರೆ ಸುಣ್ಣ, ಒದ್ದೆ ಬಟ್ಟೆಗೆ ಬಣ್ಣ ಇಳಿದರೆ ಡಿಸ್ಟೆಂಪರ್, ಯಾವುದಕ್ಕೂ ಜಗ್ಗದಿದ್ದರೆ ಎಣ್ಣೆಬಣ್ಣ. (ಹೆಂಡತಿಯ ಮಾತಿಗೆ ಜಗ್ಗದವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂದು ಆ ಶಾಸ್ತ್ರ ಹೇಳಿರಲಿಲ್ಲ.)

ಹೆಂಡತಿ ಕೇಳಿದ್ದು ಒಂದೇ: ಅಡುಗೆಮನೆಗೊಂದು ಕಿಟಕಿ. ಮದುವೆಯಾಗಿ ಬಂದ ವರ್ಷದಿಂದ ಕೇಳುತ್ತಿದ್ದಳು, ಕೆಮ್ಮಿನ ನಡುವೆ. ಈ ಸಲ ಗಾರೆಯವನು ಸುತ್ತಿಗೆ ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಯಜಮಾನರು ಅಡ್ಡ ಬಂದರು. ಒಲೆಯ ಹಿಂದಿನ ಗೋಡೆ ಜೇನಿನ ಬಣ್ಣದಲ್ಲಿ ಮಿರುಗುತ್ತಿತ್ತು, ಬೆರಳಿಟ್ಟರೆ ಜಾರುತ್ತಿತ್ತು, ಒದ್ದೆ ಬಟ್ಟೆಗೆ ಕ್ಯಾರೇ ಅನ್ನಲಿಲ್ಲ.

“ಎಣ್ಣೆಬಣ್ಣದ ಮೇಲೆ ವಾರ್ನಿಷ್ ಕಣೇ. ತಾತನ ಕಾಲದ್ದು. ಒಡೆದ್ರೆ ಪಾಪ ಸುತ್ಕೊಳ್ಳುತ್ತೆ.”

“ಕಿಟಕಿ?”

“ಇಷ್ಟು ವರ್ಷ ತಡ್ಕೊಂಡಿದ್ದೀಯ. ಅಭ್ಯಾಸ ಆಗಿರುತ್ತೆ ಬಿಡು.”

ಮಾರನೆಯ ದಿನ ಗೋಡೆಯ ದರ್ಶನಕ್ಕೆ ಗೆಳೆಯರಾದ ಡ್ರಾಯಿಂಗ್ ಮೇಷ್ಟ್ರು ಬಂದರು.

“ನೋಡಿ ಮೇಷ್ಟ್ರೇ, ಪದರದ ಮೇಲೆ ಪದರ.” ಯಜಮಾನರು ಗೋಡೆಯನ್ನು ಮೆಲ್ಲಗೆ ಸವರಿದರು. “ಬಳಿದವನಿಗೆ ಎಂಥ ತಾಳ್ಮೆ ಇತ್ತು. ಸಿಕ್ಕಿದ್ರೆ ಕಾಲಿಗೆ ಬೀಳ್ತಿದ್ದೆ.”

ಹೆಂಡತಿ ಬಿಸಿನೀರಿಗೆ ಸೋಡಾಪುಡಿ ಕದಡಿ, ಬಟ್ಟೆ ಅದ್ದಿ, ಗೋಡೆಯನ್ನು ಗಸಗಸ ಉಜ್ಜಿದಳು. ಜೇನು ಕರಗಿ ಕಂದು ಜಿಡ್ಡಾಗಿ ಇಳಿಯಿತು. ಒಳಗೆ ಬರೀ ಸುಣ್ಣ.

“ಬಾಣಲೆ ಹೊಗೆ ರೀ ಅದು. ಮೊದಲ ಕೋಟು ಅತ್ತೇದು, ಮಿಕ್ಕಿದ್ದೆಲ್ಲ ನಂದು. ಬೀಳಿ ಕಾಲಿಗೆ.”

ಮೇಷ್ಟ್ರಿಗೆ ಥಟ್ಟನೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಆದರೆ ಯಜಮಾನರು ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ. “ಹಾಗಿದ್ರೆ ಇದು ನಮ್ಮ ಮನೆ ಹೆಂಗಸರ ಕೈಕೆಲಸ ಅಂತಾಯ್ತು. ಇನ್ನೂ ಜೋಪಾನವಾಗಿ ಉಳಿಸ್ಬೇಕು.”

“ಉಳಿಸಿ. ಇವತ್ತಿನ ಕೋಟು ನೀವೇ ಹೊಡೀರಿ.” ಅವಳು ಸೌಟನ್ನು ಅವರ ಕೈಗಿಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಎಣ್ಣೆ ಕಾಯಿತು, ಅತಿಯಾಗಿ ಕಾಯಿತು. ಯಜಮಾನರು ಹಾಕಿದ ಮೆಣಸಿನಕಾಯಿ ಕಮರಿತು. ಕಣ್ಣು, ಮೂಗು ಎರಡರಲ್ಲೂ ನೀರು ಸುರಿಸುತ್ತ ಅವರು ಬಾಗಿಲಿಗೆ ಓಡಿಬಂದು ಗಾರೆಯವನನ್ನು ಕೂಗಿದರು.

“ಒಡೆಯಯ್ಯ ಆ ಗೋಡೇನ. ಈಗ್ಲೇ. ಕಿಟಕಿ ಇಡು, ಎರಡಿಡು.”

“ಅಮ್ಮಾವ್ರು ಆಗಿನಿಂದ ಅದೇ ಕೇಳ್ತಿದ್ರಲ್ಲ ಸ್ವಾಮಿ. ಈಗೇನಾಯ್ತು?”

ಯಜಮಾನರು ಕೆಮ್ಮುತ್ತ, ಮೆಟ್ಟಿಲ ಮೇಲೆ ಕೂತವಳ ಕಡೆ ತಿರುಗಿಯೂ ನೋಡದೆ ಸಿಡುಕಿದರು: “ಉಸಿರು ಕಟ್ತಿದೆ ಕಣಯ್ಯ. ಮನುಷ್ಯರು ಇರೋ ಜಾಗವೇನಯ್ಯ ಇದು?”